ನುಡಿಸುವುದು ಗಿಟಾರ್‌ನಂತೆ, ಹೊರಡುವುದು ಅಂಕಿ: ಮಿಡಿ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಹಾಡಿಗೆ ಸಂಗೀತ ಕಟ್ಟುವ ಮುಂಬೈ, ಪುಣೆ, ಗೋವಾದ ಓದುಗರ ಪತ್ರಗಳಲ್ಲಿ ಈ ಸಲ ಗಿಟಾರ್ ಆಕಾರದ ಅಗ್ಗದ ಮಿಡಿ ಕಂಟ್ರೋಲರ್‌ನದೇ ಮಾತು. ಮಿಡಿ ಎಂದರೆ ನುಡಿಸಿದ್ದನ್ನು ಅಂಕಿಗಳಾಗಿ ಕಂಪ್ಯೂಟರಿಗೆ ತಿಳಿಸುವ ಭಾಷೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಗಿಟಾರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬರುತ್ತವೆ, ಕೀಬೋರ್ಡ್ ಬರುವುದಿಲ್ಲ. ಭಾವಗೀತೆಗಳಿಗೆ ಹಿನ್ನೆಲೆ ಸಂಗೀತ ಮಾಡಬೇಕೆಂದಿದೆ. ಗಿಟಾರ್ ರೂಪದ ಮಿಡಿ ಕಂಟ್ರೋಲರ್ ಕೊಳ್ಳಬಹುದೇ? ಯಾವ ಬಗೆಯದು?
— ಗೋರೆಗಾಂವ್‌ನಿಂದ

ಬೆರಳಿಗೆ ಗಿಟಾರ್ ಗೊತ್ತಿದ್ದರೆ ಖಂಡಿತ ಕೊಳ್ಳಬಹುದು. ಗೊತ್ತಿಲ್ಲದವರು 25 ಕೀಲಿಯ ಪುಟ್ಟ ಕೀಬೋರ್ಡ್ ತೆಗೆದುಕೊಳ್ಳುವುದೇ ಮೇಲು. ಅದು ಅಗ್ಗ, ಗಟ್ಟಿ, ರಿಪೇರಿಯೂ ಸುಲಭ.

ಈ ಉಪಕರಣಕ್ಕೆ ಸ್ವಂತ ನಾದವಿಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಟ್ಟಿರಿ ಎಂಬುದನ್ನು ಅಂಕಿಗಳಾಗಿ ಕಳಿಸುತ್ತದೆ, ಅಷ್ಟೇ. ಆ ಅಂಕಿಗಳನ್ನು ಸಿತಾರ್ ಮಾಡುವುದೋ ಕೊಳಲು ಮಾಡುವುದೋ ಕಂಪ್ಯೂಟರಿನ ಕೆಲಸ. ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ತೆರೆದ (ಎಲ್ಲೂ ಒತ್ತದ) ತಂತಿಗಳ ಸ್ವರಸಂಖ್ಯೆ ಕ್ರಮವಾಗಿ 40, 45, 50, 55, 59, 64. ಒಂದು ಫ್ರೆಟ್ (ಕುತ್ತಿಗೆಯ ಮೇಲಿನ ಮನೆ) ಮೇಲೆ ಹೋದರೆ ಒಂದು ಕೂಡಿಸಿ. ಈ ಆರು ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತವೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನಿಜವಾದ ಗಿಟಾರ್‌ನ ಕಂಪನದಿಂದ ಸ್ವರ ಗುರುತಿಸುವ ಪಿಕಪ್ ಅಥವಾ ಸಾಫ್ಟ್‌ವೇರ್. ಫಿಶ್‌ಮನ್ ಟ್ರಿಪಲ್‌ಪ್ಲೇ, ಜ್ಯಾಮ್ ಒರಿಜಿನ್‌ನ ಮಿಡಿ ಗಿಟಾರ್ ಈ ಸಾಲಿನವು. ಇದಕ್ಕೊಂದು ಸಹಜ ಮಿತಿಯಿದೆ. ದಪ್ಪ ಇ ತಂತಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ, ಅಂದರೆ ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಸ್ವರ ಖಚಿತವಾಗಲು ಎರಡು ಸುತ್ತಾದರೂ ಬೇಕೆಂದರೆ 24 ಮಿಲಿಸೆಕೆಂಡ್ ಅಲ್ಲೇ ಹೋಯಿತು. ಸಣ್ಣ ಇ ತಂತಿಯ ಸುತ್ತು 3 ಮಿಲಿಸೆಕೆಂಡ್ ಮಾತ್ರ. ಹಾಗಾಗಿ ಮೇಲಿನ ಸ್ವರ ಚುರುಕು, ಕೆಳಗಿನದು ಸೋಮಾರಿ.

ಎರಡನೆಯದು ಫ್ರೆಟ್ ಜಾಗದಲ್ಲಿ ಗುಂಡಿ, ಮೀಟುವ ಕಡೆ ಗಿಡ್ಡ ತಂತಿ. ಯು ರಾಕ್ ಗಿಟಾರ್, ರಾಕ್ ಬ್ಯಾಂಡ್ 3 ಎಂಬ ವಿಡಿಯೊ ಆಟಕ್ಕಾಗಿ 2010ರಲ್ಲಿ ಬಂದ ಫೆಂಡರ್ ಮಸ್ಟಾಂಗ್ ಪ್ರೊ ಎರಡೂ ಈ ಜಾತಿ. ಮಸ್ಟಾಂಗ್‌ನಲ್ಲಿ 17 ಫ್ರೆಟ್, ಆರು ತಂತಿ, ಒಟ್ಟು 102 ಗುಂಡಿ. ಅದಕ್ಕೆ ಐದು ಪಿನ್ನಿನ ಮಿಡಿ ಕಿಂಡಿ ಇರುವುದರಿಂದ ಗೇಮ್ ಕನ್ಸೋಲ್ ಇಲ್ಲದೆಯೂ ನಡೆಯುತ್ತದೆ. ಗುಂಡಿ ಒತ್ತಿದ್ದು ಕೂಡಲೇ ತಿಳಿಯುವುದರಿಂದ ಊಹೆಯೂ ಇಲ್ಲ, ತಡವೂ ಇಲ್ಲ. ಕಡಿಮೆ ಬೆಲೆಯಲ್ಲಿ ನಮ್ಮ ಒಲವು ಇದರ ಕಡೆಗೇ. ಆದರೆ ತಂತಿ ಎಳೆದು ಸ್ವರ ಬಾಗಿಸುವುದು, ಅಂಗೈಯಿಂದ ಅದುಮಿ ನುಡಿಸುವುದು ಇದರಲ್ಲಿ ಆಗದು.

ಮೂರನೆಯದು ತಂತಿಯಿಲ್ಲದ, ಮೊಬೈಲ್ ಆ್ಯಪ್ ಜೊತೆ ಬರುವ ಕಾರ್ಡ್-ಗುಂಡಿ ಗಿಟಾರ್. ಇಲ್ಲಿ ಎಚ್ಚರ ಬೇಕು. ಇವುಗಳಲ್ಲಿ ಕೆಲವು ತಮ್ಮ ಆ್ಯಪ್ ಬಿಟ್ಟು ಬೇರೆಲ್ಲೂ ಮಾತಾಡುವುದಿಲ್ಲ. ಹಣ ಕೊಡುವ ಮೊದಲು ಅಂಗಡಿಯವರ ಲ್ಯಾಪ್‌ಟಾಪಿಗೆ ಹಾಕಿಸಿ, ಅದು ಮಿಡಿ ಸಾಧನವಾಗಿ ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿ.

ಹಳೆಯದನ್ನು ಕೊಳ್ಳುವವರು ಬರುವ ಅಂಕಿಗಳನ್ನು ತೋರಿಸುವ ಮಿಡಿ-ಆಕ್ಸ್ (ವಿಂಡೋಸ್) ಅಥವಾ ಮಿಡಿ ಮಾನಿಟರ್ (ಮ್ಯಾಕ್) ತೆರೆದು ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಮೀಟಿ ನೋಡಬೇಕು. ಐದನೆಯ ತಂತಿಯ (ದಪ್ಪದ ಕಡೆಯಿಂದ ಎರಡನೆಯದು) ಮೂರನೆಯ ಫ್ರೆಟ್ 48 ತೋರಿಸಬೇಕು. ಐದು ನಿಮಿಷದ ಈ ಕೆಲಸಕ್ಕೆ ಮಾರುವವರು ಒಪ್ಪದಿದ್ದರೆ ವಾಪಸ್ ಬನ್ನಿ.

ಮೀಟಿದ ಮೇಲೆ ಸ್ವರ ತಡವಾಗಿ ಕೇಳುತ್ತದೆ. ತಾಳ ಹಿಡಿಯುವುದೇ ಆಗುತ್ತಿಲ್ಲ. ಗಿಟಾರ್ ಹಾಳಾಗಿದೆಯೇ?
— ಡೊಂಬಿವಲಿಯಿಂದ

ಬಹುಪಾಲು ಗಿಟಾರ್‌ನ ತಪ್ಪಲ್ಲ. ಮೊದಲು ಹೀಗೆ ಬೇರ್ಪಡಿಸಿ: ಗಿಟಾರ್‌ನ ಕೇಬಲ್ ಬಿಚ್ಚಿ, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿರುವ ವರ್ಚುವಲ್ ಮಿಡಿ ಕೀಬೋರ್ಡ್ ತೆರೆದು ಲ್ಯಾಪ್‌ಟಾಪಿನ ಅಕ್ಷರ ಕೀಲಿಗಳಿಂದಲೇ ಅದೇ ವಾದ್ಯ ನುಡಿಸಿ. ಅಷ್ಟೇ ತಡ ಕೇಳಿದರೆ ರೋಗ ಕಂಪ್ಯೂಟರಿನಲ್ಲಿದೆ.

ಐದು ಪಿನ್ನಿನ ಮಿಡಿ ನಿಧಾನ ಎನ್ನುವವರಿದ್ದಾರೆ. ಅದರ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರಕ್ಕೆ ಮೂರು ಬೈಟ್, ಅಂದರೆ ಸುಮಾರು 1 ಮಿಲಿಸೆಕೆಂಡ್. ಆರು ತಂತಿ ಒಟ್ಟಿಗೆ ಮೀಟಿದರೂ 6 ದಾಟುವುದಿಲ್ಲ. ನಿಮ್ಮ ತಾಳ ಕೆಡಿಸುತ್ತಿರುವುದು ಇದಲ್ಲ.

ನಿಜವಾದ ಕಾರಣಗಳು ಬೇರೆ. ವಿಂಡೋಸಿನ ಸಾಮಾನ್ಯ ಧ್ವನಿ ಡ್ರೈವರ್ ಬಳಸುತ್ತಿದ್ದರೆ ತಡ ಕಡಿಮೆ ಮಾಡುವ ಆಸಿಯೊ ಡ್ರೈವರಿಗೆ ಬದಲಾಯಿಸಿ. ಆಡಿಯೊ ಇಂಟರ್ಫೇಸ್ ಇದ್ದರೆ ಅದರ ತಯಾರಕರದೇ ಡ್ರೈವರ್, ಇಲ್ಲದಿದ್ದರೆ ಉಚಿತವಾದ ಆಸಿಯೊ4ಆಲ್. ಬಫರ್ (ಒಮ್ಮೆಗೆ ಕೂಡಿಡುವ ಧ್ವನಿ ಮಾದರಿಗಳ ಸಂಖ್ಯೆ) 128 ಇಡಿ. 44,100 ಹರ್ಟ್ಸ್‌ನಲ್ಲಿ ಅದು 2.9 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 256, ಅಂದರೆ 5.8. ಅದಕ್ಕೂ ನಿಲ್ಲದಿದ್ದರೆ ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ತನ್ನಿ. 512ಕ್ಕೆ ಹೋದರೆ ಬಫರ್ ಒಂದರಿಂದಲೇ 11.6 ಮಿಲಿಸೆಕೆಂಡ್ ತಡ. ಮಿಕ್ಸ್ ಮಾಡಲು ಪರವಾಗಿಲ್ಲ, ನುಡಿಸಲು ಬೇಡ.

ನಂತರ ಕಿವಿಗೆ ಹಾಕಿಕೊಂಡಿದ್ದನ್ನು ನೋಡಿ. ಬ್ಲೂಟೂತ್ ಇಯರ್‌ಫೋನ್ ಆಗಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ನೂರು, ಇನ್ನೂರು ಮಿಲಿಸೆಕೆಂಡ್ ಅದೇ ತಿನ್ನುತ್ತದೆ. ವೈರ್ ಇರುವ ಹೆಡ್‌ಫೋನೇ ಬೇಕು. ಮಾಸ್ಟರ್ ಟ್ರ್ಯಾಕ್‌ನಲ್ಲಿ ಲುಕ್‌ಅಹೆಡ್ ಲಿಮಿಟರ್, ಲೀನಿಯರ್ ಫೇಸ್ ಈಕ್ವಲೈಸರ್‌ನಂಥ ತಡ ತರುವ ಪ್ಲಗಿನ್ ಇದ್ದರೆ ರೆಕಾರ್ಡಿಂಗ್ ಮುಗಿಯುವವರೆಗೆ ಆಫ್ ಮಾಡಿ. ಕೊನೆಯದಾಗಿ, ಆರಿಸಿದ ನಾದವೇ ನಿಧಾನವಾಗಿ ಏಳುವಂಥದ್ದೇ? ಪಿಟೀಲು ಸಮೂಹದ ಪ್ಯಾಡ್ ಯಾವ ಯಂತ್ರದಲ್ಲೂ ತಡವಾಗಿಯೇ ಕೇಳುತ್ತದೆ. ಪರೀಕ್ಷೆಗೆ ಪಿಯಾನೊ ನಾದ ಇಟ್ಟುಕೊಳ್ಳಿ.

ಲಿವರ್‌ನಿಂದ ಸ್ವರ ಬಾಗಿಸಿದರೆ ಇಡೀ ಕಾರ್ಡ್ ಬಾಗುತ್ತದೆ. ಎರಡು ತಂತಿಯಲ್ಲಿ ಒಂದೇ ಸ್ವರ ನುಡಿಸಿದರೆ ಒಂದು ಸತ್ತೇ ಹೋಗುತ್ತದೆ.
— ಚಿಂಚವಡದಿಂದ

ಎರಡಕ್ಕೂ ಕಾರಣ ಒಂದೇ: ಆರೂ ತಂತಿ ಒಂದೇ ಚಾನೆಲ್‌ನಲ್ಲಿ (ಮಿಡಿ ಸಂದೇಶ ಸಾಗುವ ಸಾಲು) ಹೋಗುತ್ತಿವೆ. ಪಿಚ್ ಬೆಂಡ್ ಸಂದೇಶ ಇಡೀ ಚಾನೆಲ್ಲಿಗೆ ತಟ್ಟುತ್ತದೆ. ಒಂದೇ ಚಾನೆಲ್‌ನಲ್ಲಿ 59 ಎರಡು ಸಲ ಹೊರಟರೆ, ಮೊದಲು ಬಿಟ್ಟ ತಂತಿಯ ಸಂದೇಶ ಎರಡನ್ನೂ ನಿಲ್ಲಿಸಬಹುದು. ಗಿಟಾರ್‌ನ ಸೆಟ್ಟಿಂಗ್‌ನಲ್ಲಿ ಮೊನೊ ಮೋಡ್ ಅಥವಾ ತಂತಿಗೊಂದು ಚಾನೆಲ್ ಎಂಬ ಆಯ್ಕೆ ಹುಡುಕಿ. ಆಗ ತಂತಿಗಳು 1ರಿಂದ 6ನೆಯ ಚಾನೆಲ್ಲಿನಲ್ಲಿ ಹೋಗುತ್ತವೆ. ಕಂಪ್ಯೂಟರಿನಲ್ಲಿ ಟ್ರ್ಯಾಕಿನ ಇನ್‌ಪುಟ್ ಎಲ್ಲ ಚಾನೆಲ್ ಎಂದಿರಲಿ. ವಾದ್ಯವೂ ಹಲವು ಚಾನೆಲ್ ಅರ್ಥಮಾಡಿಕೊಳ್ಳುವಂಥದ್ದಾಗಿರಬೇಕು. ಉಚಿತವಾದ ಸಾಫ್ಟ್‌ವೇರ್ ವಾದ್ಯ ಸರ್ಜ್ ಎಕ್ಸ್‌ಟಿ ಈ ಕೆಲಸಕ್ಕೆ ಒಳ್ಳೆಯದು.

ಬೆಂಡ್ ವ್ಯಾಪ್ತಿ ಎರಡೂ ಕಡೆ ಒಂದೇ ಇರಬೇಕೆಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸಾಮಾನ್ಯವಾಗಿ ಅದು ಮೇಲಕ್ಕೆ 2, ಕೆಳಕ್ಕೆ 2 ಅರ್ಧಸ್ವರ. ಸ್ವರಕ್ಕೊಂದು ಚಾನೆಲ್ ಕೊಡುವ ಎಂಪಿಇ ವಿಧಾನ ಆನ್ ಮಾಡಿದರೆ ವಾದ್ಯ 48 ಎಂದುಕೊಳ್ಳುತ್ತದೆ. ಗಿಟಾರ್ 2 ಎಂದು ತಿಳಿದು ಕಳಿಸಿದ್ದನ್ನು ವಾದ್ಯ 48 ಎಂದು ಓದಿದರೆ ಸ್ವರ ಆಕಾಶಕ್ಕೆ ಹಾರುತ್ತದೆ.

ನಮ್ಮ ಗಾಯಕಿಯ ಶ್ರುತಿ ಕಪ್ಪು ಒಂದು, ಗಾಯಕರದು ಕಪ್ಪು ಐದು. ಟ್ರಾನ್ಸ್‌ಪೋಸ್ ಮಾಡಿದಾಗ (ಎಲ್ಲ ಸ್ವರವನ್ನೂ ಒಟ್ಟಿಗೆ ಏರಿಳಿಸಿದಾಗ) ಕೆಳಗಿನ ಸ್ವರಗಳು ಮಾಯವಾಗುತ್ತವೆ. ಹಾರ್ಮೋನಿಯಂ ಜೊತೆಗೂ ಸ್ವಲ್ಪ ಅಪಶ್ರುತಿ.
— ಮಾಟುಂಗಾದಿಂದ

ಕಪ್ಪು ಒಂದಕ್ಕೆ (ಸಿ ಶಾರ್ಪ್) ಸಿ ಆಕಾರದ ಕಾರ್ಡ್‌ಗಳನ್ನು ಹಿಡಿದು ಟ್ರಾನ್ಸ್‌ಪೋಸ್ 1 ಕೂಡಿಸಿದರೆ ಮುಗಿಯಿತು. ಕಪ್ಪು ಐದಕ್ಕೆ (ಎ ಶಾರ್ಪ್) ನೀವು ಸಿ ಹಿಡಿದು 2 ಕಳೆದಿರಬೇಕು. ಆಗ ತೆರೆದ ದಪ್ಪ ತಂತಿ 40ರ ಬದಲು 38 ಆಗುತ್ತದೆ. ಸಾಫ್ಟ್‌ವೇರ್ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ನಾದ 40ರಿಂದ ಶುರು. ಅದಕ್ಕಿಂತ ಕೆಳಗಿನ ಕೀಲಿಗಳು ಖಾಲಿ ಇರುತ್ತವೆ, ಇಲ್ಲವೇ ನುಡಿಸುವ ಶೈಲಿ ಬದಲಿಸುವ ಗುಪ್ತ ಕೀಲಿಗಳಾಗಿರುತ್ತವೆ. ಸ್ವರ ಮಾಯವಾಗುವುದಷ್ಟೇ ಅಲ್ಲ, ಮಧ್ಯದಲ್ಲೇ ನಾದದ ಗುಣವೂ ಬದಲಾಗಬಹುದು. ಎ ಆಕಾರದ ಕಾರ್ಡ್‌ಗಳನ್ನು ಹಿಡಿದು 1 ಕೂಡಿಸಿ, ಅದೇ ಕಪ್ಪು ಐದು.

ಟ್ರಾನ್ಸ್‌ಪೋಸ್ ಗಿಟಾರ್‌ನಲ್ಲೋ ಕಂಪ್ಯೂಟರಿನಲ್ಲೋ, ಒಂದೇ ಕಡೆ ಇರಲಿ. ಎರಡೂ ಕಡೆ ಇಟ್ಟರೆ ಕೂಡಿಕೊಳ್ಳುತ್ತವೆ.

ಹಾರ್ಮೋನಿಯಂ 442 ಹರ್ಟ್ಸ್‌ಗೆ ಕೂತಿದ್ದರೆ 440ರ ಕಂಪ್ಯೂಟರಿಗಿಂತ ಸುಮಾರು 8 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಭಾಗ ಒಂದು ಸೆಂಟ್) ಏರು. ಷಡ್ಜ ಒತ್ತಿ ಹಿಡಿದು ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ಸೆಂಟ್ ಓದಿ, ಪಂಚಮವನ್ನೂ ನೋಡಿ, ಆ ಸಂಖ್ಯೆಯನ್ನು ಸಾಫ್ಟ್‌ವೇರ್ ವಾದ್ಯದ ಫೈನ್ ಟ್ಯೂನ್‌ಗೆ ಕೊಡಿ. ರೀಡ್ ತಿದ್ದುವುದಕ್ಕಿಂತ ಇದು ಎಷ್ಟೋ ಸುಲಭ.

ಗಣೇಶೋತ್ಸವದ ವೇದಿಕೆಯಲ್ಲಿ ಸ್ವರವೊಂದು ನಿಲ್ಲದೆ ಕೂಗುತ್ತಲೇ ಇತ್ತು.
— ಮುಲುಂಡ್‌ನಿಂದ

ಸ್ವರ ಬಿಟ್ಟ ಸಂದೇಶ ದಾರಿಯಲ್ಲಿ ಕಳೆದುಹೋಗಿದೆ. ಸಡಿಲ ಯುಎಸ್‌ಬಿ ಪ್ಲಗ್, ಅಥವಾ ತಂತಿ ನುಡಿಯುತ್ತಿರುವಾಗಲೇ ಟ್ರಾನ್ಸ್‌ಪೋಸ್ ಬದಲಿಸಿದ್ದು, ಇವೆರಡೇ ಹೆಚ್ಚು. ಕಂಟ್ರೋಲ್ 123 ಎಂಬ ಮಿಡಿ ಸಂದೇಶ ಎಲ್ಲ ಸ್ವರ ಬಿಡಿಸುತ್ತದೆ, 120 ಸದ್ದನ್ನೇ ಕತ್ತರಿಸುತ್ತದೆ. ಎರಡನ್ನೂ ಒಂದು ಕಾಲ್‌ಸ್ವಿಚ್‌ಗೆ ಜೋಡಿಸಿಡಿ. ಯುಎಸ್‌ಬಿ ಕೇಬಲ್ 5 ಮೀಟರ್ ಮೀರದಿರಲಿ. ಅದನ್ನು ಬೆಲ್ಟಿನ ಗುಂಡಿಗೆ ಒಂದು ಸುತ್ತು ಸುತ್ತಿ ಕಿಂಡಿಗೆ ಹಾಕಿ, ಎಳೆತ ಪ್ಲಗ್ಗಿನ ಮೇಲೆ ಬೀಳುವುದಿಲ್ಲ. ವೇದಿಕೆ ದೊಡ್ಡದಾದರೆ ಐದು ಪಿನ್ನಿನ ಕೇಬಲ್ 15 ಮೀಟರ್‌ವರೆಗೆ ಸಾಗುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ಫ್ರೆಟ್‌ಗಳು ಸತ್ತವು, ಕೆಲವು ಜೋರಾಗಿ ಒತ್ತಿದರೆ ಮಾತ್ರ ಏಳುತ್ತವೆ.
— ವಾಸ್ಕೊದಿಂದ

ಕಡಲ ಗಾಳಿಯ ಊರಿನಲ್ಲಿ ಇದು ಆಗುವಂಥದ್ದೇ. ಬಿಚ್ಚುವ ಮೊದಲು ಸತ್ತ ಫ್ರೆಟ್‌ಗಳ ನಕ್ಷೆ ಕಾಗದದಲ್ಲಿ ಬರೆಯಿರಿ. ಅಲ್ಲೊಂದು ಇಲ್ಲೊಂದು ಸತ್ತಿದ್ದರೆ ಆಯಾ ಗುಂಡಿಯ ಸಂಪರ್ಕ ಕೊಳೆಯಾಗಿದೆ. ಒಂದೇ ಫ್ರೆಟ್ ಆರೂ ತಂತಿಯಲ್ಲಿ ಸತ್ತಿದ್ದರೆ, ಅಥವಾ ಒಂದು ತಂತಿಯ ಎಲ್ಲ ಫ್ರೆಟ್ ಸತ್ತಿದ್ದರೆ ಗುಂಡಿಗಳ ಗೋಜಿಗೆ ಹೋಗಬೇಡಿ. ಕುತ್ತಿಗೆಯಿಂದ ಒಡಲಿಗೆ ಬರುವ ರಿಬ್ಬನ್ ಕೇಬಲ್ಲಿನ ಒಂದು ಎಳೆ ಬಿಟ್ಟಿದೆ. ಅದರ ಕನೆಕ್ಟರ್ ಬಿಚ್ಚಿ ಮತ್ತೆ ಕೂರಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ.

ಗುಂಡಿ ಶುಚಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನಾರು ಬಿಡದ ಬಟ್ಟೆ. ಬ್ಯಾಟರಿ ತೆಗೆದು, ರಬ್ಬರ್ ಹಾಳೆ ಎತ್ತಿ, ಬೋರ್ಡಿನ ಮೇಲಿನ ಸಂಪರ್ಕಗಳನ್ನು ಒರೆಸಿ. ರಬ್ಬರಿನಡಿಯ ಕಪ್ಪು ಇಂಗಾಲದ ಬಿಲ್ಲೆಯನ್ನು ಉಜ್ಜಬೇಡಿ, ಉಗುರು ತಾಗಿಸಬೇಡಿ. ಅದು ಸವೆದರೆ ಗುಂಡಿ ಶಾಶ್ವತವಾಗಿ ಸತ್ತಂತೆ. ಪೆಟ್ರೋಲ್, ಎಣ್ಣೆ ಸ್ಪ್ರೇ ಯಾವುದೂ ಬೇಡ. ಅರ್ಧ ಗಂಟೆ ಒಣಗಿಸಿ ಮುಚ್ಚಿ.

ಜೂನ್ ಬಂದೊಡನೆ ಬ್ಯಾಟರಿ ತೆಗೆದಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಚೀಲದಲ್ಲಿ ಮುಚ್ಚಿಡಿ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಹತ್ತಿ ಕಡ್ಡಿಯಲ್ಲಿ ಒಂದು ಹನಿ ವಿನೆಗರ್ ಹಚ್ಚಿ, ನಂತರ ಆಲ್ಕೊಹಾಲಿನಿಂದ ಒರೆಸಿ.

ಇಂಥದ್ದನ್ನು ನಾನೇ ಕಟ್ಟಬಹುದೇ? ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ.
— ಪುಣೆಯ ಕೊಥ್ರೂಡ್‌ನಿಂದ

ಕಟ್ಟಬೇಕು ಎಂದೇ ಹೇಳುತ್ತೇವೆ. ಬೇಕಾದದ್ದೆಲ್ಲ ಬುಧವಾರ ಪೇಟೆಯಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ ಇದೆ. ಪುಟ್ಟ ಕಂಪ್ಯೂಟರ್ ಬೋರ್ಡು ರಾಸ್ಪ್‌ಬೆರಿ ಪೈ ಪಿಕೊ ಒಂದು, 6 ಮಿಲಿಮೀಟರ್ ಟ್ಯಾಕ್ಟ್ ಸ್ವಿಚ್ 72, 1ಎನ್4148 ಡಯೋಡ್ 72, 27 ಮಿಲಿಮೀಟರ್ ಪೀಜೊ ಬಿಲ್ಲೆ 6, 74ಎಚ್‌ಸಿ4051 ಚಿಪ್ 1, ಒಂದು ಮೆಗಾ ಓಮ್ ಮತ್ತು ಹತ್ತು ಕಿಲೊ ಓಮ್ ರೆಸಿಸ್ಟರ್ ಆರಾರು, ಬಿಎಟಿ85 ಡಯೋಡ್ 12. ಸ್ವಿಚ್ ಮತ್ತು ಡಯೋಡ್ ಹತ್ತು ಹೆಚ್ಚೇ ತನ್ನಿ.

72 ಸ್ವಿಚ್ಚಿಗೆ 72 ಪಿನ್ ಬೇಡ. ಆರು ತಂತಿ, 12 ಫ್ರೆಟ್‌ನ ಜಾಲ ಮಾಡಿದರೆ 18 ಪಿನ್ ಸಾಕು. ಪ್ರತಿ ಸ್ವಿಚ್ಚಿಗೂ ಡಯೋಡ್ ಯಾಕೆಂದರೆ, ಕಾರ್ಡ್ ಹಿಡಿದಾಗ ಜಾಲದ ಮೂರು ಮೂಲೆ ಒತ್ತಿದ್ದರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಒಂದು ಬೆರಳು ಎಲ್ಲ ತಂತಿಯನ್ನೂ ಅದುಮುವ ಬಾರ್ ಕಾರ್ಡ್‌ನಲ್ಲಿ ಇದು ಪ್ರತಿ ಸಲ ಆಗುತ್ತದೆ. ಡಯೋಡ್ ಉಳಿಸಲು ಹೋದವರ ಗಿಟಾರ್‌ನಲ್ಲಿ ಭೂತಸ್ವರ ಖಚಿತ. ಎಲ್ಲ ಡಯೋಡಿನ ಗೆರೆ ಒಂದೇ ದಿಕ್ಕಿಗಿರಲಿ.

ಮೀಟಿದ್ದನ್ನು ಗ್ರಹಿಸುವ ಪೀಜೊ ಬಿಲ್ಲೆ ಜೋರಾಗಿ ಬಡಿದರೆ ಹತ್ತಾರು ವೋಲ್ಟ್ ಕೊಡಬಲ್ಲದು, ಪಿಕೊ ತಡೆಯುವುದು 3.3. ಬಿಲ್ಲೆಗೆ ಅಡ್ಡಲಾಗಿ ಒಂದು ಮೆಗಾ ಓಮ್, ಸಾಲಿನಲ್ಲಿ ಹತ್ತು ಕಿಲೊ ಓಮ್, ನಂತರ ಒಂದು ಬಿಎಟಿ85 3.3 ವೋಲ್ಟಿಗೆ, ಇನ್ನೊಂದು ನೆಲಕ್ಕೆ. ಪಿಕೊದಲ್ಲಿ ನಮಗೆ ಸಿಗುವ ಅನಲಾಗ್ ಪಿನ್ ಮೂರೇ, ಬಿಲ್ಲೆ ಆರು. ಅದಕ್ಕೇ 4051 ಚಿಪ್: ಮೂರು ಆಯ್ಕೆ ಪಿನ್, ಒಂದು ಅನಲಾಗ್ ಪಿನ್ ಸಾಕು. ಒಟ್ಟು 22 ಪಿನ್.

ಅಳತೆಯಲ್ಲಿ ಒಂದು ತೊಡಕಿದೆ. ನಿಜವಾದ ಗಿಟಾರ್‌ನ ಕುತ್ತಿಗೆಯ ತುದಿಯಲ್ಲಿ ತಂತಿಗಳ ಅಂತರ ಸುಮಾರು 7 ಮಿಲಿಮೀಟರ್. 6ರ ಸ್ವಿಚ್ಚು ಅದರಲ್ಲಿ ಕೂತರೂ ಬೆಸುಗೆಗೆ ಜಾಗವಿಲ್ಲ. ಉದ್ದಕ್ಕೂ 8 ಇಡಿ. 648 ಮಿಲಿಮೀಟರ್ ತಂತಿಯಳತೆಯಲ್ಲಿ ಮೊದಲ ಫ್ರೆಟ್ 36.4, ಹನ್ನೆರಡನೆಯದು 19.3 ಮಿಲಿಮೀಟರ್ ಅಗಲ. ಈ ಇಳಿಕೆಯನ್ನು ಹಾಗೆಯೇ ಉಳಿಸಿ. ಎಲ್ಲ ಒಂದೇ ಅಗಲ ಮಾಡಿದರೆ ಕಲಿತ ಬೆರಳು ದಾರಿ ತಪ್ಪುತ್ತದೆ.

ಪ್ರೋಗ್ರಾಂನಲ್ಲಿ ಪ್ರತಿ ತಂತಿಗೂ ಒತ್ತಿದ ಅತಿ ಮೇಲಿನ ಫ್ರೆಟ್ ಮಾತ್ರ ಲೆಕ್ಕಕ್ಕೆ. ಪೀಜೊ ಮಿತಿ ದಾಟಿದ ಮೇಲೆ 2 ಮಿಲಿಸೆಕೆಂಡ್ ಶಿಖರ ಹುಡುಕಿ ಅದನ್ನೇ ಸ್ವರದ ಜೋರು ಎಂದು ತೆಗೆದುಕೊಳ್ಳಿ, ಆಮೇಲೆ 50 ಮಿಲಿಸೆಕೆಂಡ್ ಆ ತಂತಿಗೆ ಕಿವುಡಾಗಿ. ಇಲ್ಲದಿದ್ದರೆ ಒಂದು ಮೀಟಿಗೆ ಎರಡು ಸ್ವರ. ಪಕ್ಕದ ತಂತಿ ತಾನಾಗಿ ನುಡಿಯುವುದು ಎಲ್ಲರಿಗೂ ಬರುವ ಕಾಟ. ಪ್ರತಿ ಬಿಲ್ಲೆಯನ್ನೂ ಬೇರೆ ಬೇರೆ ಫೋಮ್ ತುಂಡಿನ ಮೇಲೆ ಕೂರಿಸಿ. ಅದೇ ಕ್ಷಣದಲ್ಲಿ ನೆರೆಯ ಶಿಖರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಬಂದದ್ದನ್ನು ಬಿಟ್ಟುಬಿಡಿ. ತಂತಿ ನುಡಿಯುತ್ತಿರುವಾಗ ಫ್ರೆಟ್ ಬದಲಾದರೆ ಮೀಟದೆಯೇ ಹೊಸ ಸ್ವರ ಕಳಿಸಿ, ಹ್ಯಾಮರ್-ಆನ್ ಆಗ ಸಿಗುತ್ತದೆ. ಸರ್ಕಿಟ್‌ಪೈಥಾನ್‌ನಲ್ಲಿ ಶುರುಮಾಡುವುದು ಸುಲಭ, ಆದರೆ ಕೊನೆಗೆ ಸಿ++ಗೆ ಬನ್ನಿ. ಆರು ಬಿಲ್ಲೆಗಳನ್ನು ಸತತವಾಗಿ ಓದಲು ಆ ವೇಗ ಬೇಕು.

ಗಮಕ ನುಡಿಸಬಹುದೇ?
— ಠಾಣೆಯಿಂದ

ಸ್ವಲ್ಪ ಮಟ್ಟಿಗೆ. ಗುಂಡಿ ಫ್ರೆಟ್ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ, ಜಾರು ಬೇಕಾದರೆ ಲಿವರ್ ಬಳಸಬೇಕು. ಅಗ್ಗದ ಲಿವರ್‌ಗಳಲ್ಲಿ ಎಷ್ಟೋ 128 ಹೆಜ್ಜೆ ಮಾತ್ರ ಕೊಡುತ್ತವೆ. ವ್ಯಾಪ್ತಿ 2 ಅರ್ಧಸ್ವರ ಇದ್ದಾಗ ಒಂದು ಹೆಜ್ಜೆ ಸುಮಾರು 3 ಸೆಂಟ್, ಕಿವಿಗೆ ತಿಳಿಯದು. 12ಕ್ಕೆ ಹಿಗ್ಗಿಸಿದರೆ 19 ಸೆಂಟ್, ಗರಗಸದಂತೆ ಕೇಳುತ್ತದೆ. ಆದ್ದರಿಂದ 2ರಲ್ಲೇ ಇರಿ. ಕೊಳಲು, ಪಿಟೀಲಿನಂಥ ಒಂಟಿಸ್ವರದ ನಾದ ಆರಿಸಿ, ಗ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುವ ಸಮಯ) 60ರಿಂದ 90 ಮಿಲಿಸೆಕೆಂಡ್ ಇಟ್ಟು ಹ್ಯಾಮರ್-ಆನ್ ಮಾಡಿದರೆ ಸಣ್ಣ ಜಾರುಗಳು ಚೆನ್ನಾಗಿ ಬರುತ್ತವೆ. ತೋಡಿಯ ಗಾಂಧಾರದಂಥ ಆಂದೋಲನಕ್ಕೆ ಇದನ್ನು ನಂಬಬೇಡಿ. ಅಲ್ಲಿ ವೀಣೆ, ಪಿಟೀಲು ನುಡಿಸುವವರನ್ನು ಕರೆದು ಮೈಕ್ ಮುಂದೆ ಕೂರಿಸುವುದೇ ಸರಿ.

ರೆಕಾರ್ಡ್ ಮಾಡಿದ ಸ್ಟ್ರಮಿಂಗ್ (ಎಲ್ಲ ತಂತಿಗಳ ಮೇಲೆ ಕೈ ಎಳೆದು ನುಡಿಸಿದ್ದು) ಯಂತ್ರದಂತೆ ಕೇಳುತ್ತದೆ.
— ಮಡಗಾಂವ್‌ನಿಂದ

ಕ್ವಾಂಟೈಸ್ ಮಾಡಿದ್ದೀರಿ, ಅಂದರೆ ಸ್ವರಗಳನ್ನು ತಾಳದ ಗೆರೆಗೆ ಅಂಟಿಸಿದ್ದೀರಿ. ಕೈ ಕೆಳಗೆ ಬರುವಾಗ ಮೊದಲ ತಂತಿಗೂ ಕೊನೆಯ ತಂತಿಗೂ 15ರಿಂದ 40 ಮಿಲಿಸೆಕೆಂಡ್ ಅಂತರವಿರುತ್ತದೆ. ಆ ಅಂತರವೇ ಗಿಟಾರ್. ಕ್ವಾಂಟೈಸ್ ಆರೂ ಸ್ವರಗಳನ್ನು ಒಂದೇ ಗೆರೆಗೆ ಎಳೆದು ಅದನ್ನು ಹಾರ್ಮೋನಿಯಂ ಮಾಡಿಬಿಡುತ್ತದೆ. ಅದನ್ನು ರದ್ದು ಮಾಡಿ, ಕಾರ್ಡಿನ ಆರೂ ಸ್ವರಗಳನ್ನು ಒಟ್ಟಿಗೆ ಹಿಡಿದು, ಗ್ರಿಡ್ ಅಂಟಿಸುವುದನ್ನು ಆಫ್ ಮಾಡಿ, ಇಡೀ ಗುಂಪನ್ನೇ ಸರಿಸಿ. ಒಳಗಿನ ಅಂತರ ಹಾಗೇ ಉಳಿಯಬೇಕು.

ಏಂಪಲ್ ಗಿಟಾರ್ ಎಂ ಲೈಟ್‌ನಂಥ ವಾದ್ಯ ಬಳಸುತ್ತಿದ್ದರೆ ಅದರ ಸ್ವಯಂ ಸ್ಟ್ರಮ್ ಆಫ್ ಇದೆಯೇ ನೋಡಿ. ನಿಮ್ಮ ಕೈಯ ಸ್ಟ್ರಮ್ಮಿನ ಮೇಲೆ ಅದೂ ಸ್ಟ್ರಮ್ ಮಾಡಿದರೆ ಗೊಂದಲ. ಮೇಲ್ಮುಖ ಮೀಟಿನಲ್ಲಿ ಸಣ್ಣ ಮೂರು ನಾಲ್ಕು ತಂತಿ ಮಾತ್ರ ಉಳಿಸಿ, ದಪ್ಪ ತಂತಿಗಳ ಸ್ವರ ಅಳಿಸಿ. ಕಾರ್ಡ್ ಬದಲಿಸುವಾಗ ಬೆರಳೆತ್ತಿದ ಕೂಡಲೇ ಸ್ವರ ಕತ್ತರಿಸಿದಂತೆ ನಿಂತರೆ ಸ್ವರದ ಬಾಲವನ್ನು ಮುಂದಿನ ಕಾರ್ಡ್ ತನಕ ಎಳೆಯಿರಿ, ಅಥವಾ ಸ್ವರ ಹಿಡಿದಿಡುವ ಕಂಟ್ರೋಲ್ 64ಕ್ಕೆ ಪೆಡಲ್ ಜೋಡಿಸಿ. ಆದರೆ ಪ್ರತಿ ಕಾರ್ಡ್ ಬದಲಿಗೂ ಪೆಡಲ್ ಎತ್ತಲೇಬೇಕು.

ಮಿಶ್ರಛಾಪುವಿನ ಹಾಡಾದರೆ ಪ್ರಾಜೆಕ್ಟನ್ನು ಮೊದಲೇ 7/8ಕ್ಕೆ ಇಟ್ಟು, ಮೆಟ್ರೊನೋಮ್ ಪೆಟ್ಟು 1 ಮತ್ತು 4ರಲ್ಲಿ ಜೋರಾಗಿರಲಿ. 4/4ರಲ್ಲಿ ರೆಕಾರ್ಡ್ ಮಾಡಿ ಆಮೇಲೆ ಸರಿಪಡಿಸಲು ಹೊರಟರೆ ಪ್ರತಿ ಆವರ್ತವನ್ನೂ ಕೈಯಿಂದಲೇ ಸರಿಸಬೇಕಾಗುತ್ತದೆ.